ಕಿಳ್ಳೇಕ್ಯಾತನ ಗುಣ ಯಾರ ಕೈಯಲ್ಲಿದೆ?

ತೊಗಲುಗೊಂಬೆ ಆಡಿಸುವವರು ಬದಲಾದರೆ ರಾಮ ಅಷ್ಟಾಗಿ ಬದಲಾಗುವುದಿಲ್ಲ. ಅವನ ನಿಲುವು, ಕಿರೀಟ, ಬಿಲ್ಲು ಎಲ್ಲವೂ ಚರ್ಮದಲ್ಲೇ ಕೊರೆದು ಬಣ್ಣ ತುಂಬಿದವು. ಅವನು ಆಡುವ ಮಾತನ್ನು ಹಾಡು ಹಿಡಿದಿಟ್ಟಿರುತ್ತದೆ. ಹಾಡುವವನ ಕಂಠ ಒಡೆದಿದ್ದರೂ ರಾಮ ರಾಮನೇ. ಕಿಳ್ಳೇಕ್ಯಾತನದು ಹಾಗಲ್ಲ. ಗಣಪತಿ, ಸರಸ್ವತಿಯರ ಸ್ತುತಿ ಮುಗಿದ ಮೇಲೆ ಹೆಂಡತಿ ಬಂಗಾರಕ್ಕನನ್ನು ಕಟ್ಟಿಕೊಂಡು ಪರದೆಗೆ ನುಗ್ಗುವ ಈ ಕಪ್ಪು ಮೈಯ, ದಪ್ಪ ತುಟಿಯ, ಡೊಳ್ಳುಹೊಟ್ಟೆಯ ಹಾಸ್ಯಗಾರನಿಗೆ ಕಂಠಪಾಠ ಮಾಡಿಸಿದ ಮಾತು ಕಡಿಮೆ. ಕಥೆ ಭಾರವಾದಾಗ ನಡುನಡುವೆ ಬರುತ್ತಾನೆ, ಬಾಯಿಗೆ ಬಂದದ್ದು ಆಡುತ್ತಾನೆ, ಹೋಗುತ್ತಾನೆ. ಆ ಬಾಯಿ ಆಡಿಸುವವನದು. ಹೀಗಾಗಿ ಗೊಂಬೆ ಒಂದೇ ಆದರೂ ಅಪ್ಪನ ಕಿಳ್ಳೇಕ್ಯಾತ ಬೇರೆ, ಮಗನ ಕಿಳ್ಳೇಕ್ಯಾತ ಬೇರೆ.

ಆದರೂ ಆಡಿಸುವ ಸಮುದಾಯವನ್ನು ಜನ ಕರೆದದ್ದು ರಾಮನ ಹೆಸರಿನಿಂದಲ್ಲ, ಇವನ ಹೆಸರಿನಿಂದ. ದಕ್ಷಿಣದ ಕಡೆ ಕಿಳ್ಳೇಕ್ಯಾತರು, ಉತ್ತರ ಕರ್ನಾಟಕದಲ್ಲಿ ಶಿಳ್ಳೇಕ್ಯಾತರು. ಮನೆಯೊಳಗೆ ಮರಾಠಿ ಬೆರೆತ ಮಾತು, ಪರದೆಯ ಹಿಂದೆ ಆಯಾ ಸೀಮೆಯ ಕನ್ನಡ. ಅತ್ಯಂತ ಅಸ್ಥಿರವಾದ ಪಾತ್ರವೇ ಒಂದು ಪರಂಪರೆಯ ಗುರುತಾಯಿತು ಎಂಬುದನ್ನು ನಮ್ಮ ಜಾನಪದ ವಿಮರ್ಶೆ ಗಂಭೀರವಾಗಿ ತೆಗೆದುಕೊಂಡಿಲ್ಲ. ನಾವು ಗೊಂಬೆಯ ಅಳತೆ, ಬಣ್ಣ, ಚರ್ಮದ ಹದ, ರಾಮಾಯಣದ ಪಾಠಾಂತರ ಇವುಗಳ ಬಗ್ಗೆ ಬೇಕಾದಷ್ಟು ಬರೆದಿದ್ದೇವೆ. ಎಂ.ಎಸ್. ನಂಜುಂಡರಾಯರು ಹಳ್ಳಿಹಳ್ಳಿ ಸುತ್ತಿ ಗೊಂಬೆಗಳನ್ನು ಕೂಡಿಹಾಕದಿದ್ದರೆ, ಚಿತ್ರಕಲಾ ಪರಿಷತ್ತಿನಲ್ಲಿ ಇಂದು ಕಾಣುವ ಆ ಸಂಪತ್ತು ಹುಳು ತಿಂದು ಹೋಗುತ್ತಿತ್ತು. ಅದು ದೊಡ್ಡ ಕೆಲಸ. ಅಲ್ಲಿನ ರಾಮ, ರಾವಣರನ್ನು ನೋಡಿದರೆ ಅರ್ಧ ಆಟವನ್ನಾದರೂ ಊಹಿಸಬಹುದು. ಕಿಳ್ಳೇಕ್ಯಾತನ ಮುಂದೆ ನಿಂತರೆ ಏನೂ ತಿಳಿಯುವುದಿಲ್ಲ, ಅವನ ಗುಣ ಚರ್ಮದಲ್ಲಿ ಇರಲೇ ಇಲ್ಲ.

ಎಲ್ಲಿತ್ತು? ಮೊದಲನೆಯದಾಗಿ ಕೈಯಲ್ಲಿ. ನಡುವಿನ ಬಿದಿರುಕಡ್ಡಿ ಗೊಂಬೆಯನ್ನು ನಿಲ್ಲಿಸುತ್ತದೆ. ಕೀಲಿಗೆ ಕಟ್ಟಿದ ದಾರ ಸಡಿಲವಿದ್ದಷ್ಟೂ ಕೈಕಾಲು ತಮ್ಮಷ್ಟಕ್ಕೆ ಜೋತಾಡುತ್ತವೆ. ಒಬ್ಬ ಆಡಿಸುವವನು ಕಿಳ್ಳೇಕ್ಯಾತನನ್ನು ಪರದೆಗೆ ಒತ್ತಿ ಹಿಡಿದು ಗಕ್ಕನೆ ತಿರುಗಿಸುತ್ತಾನೆ. ನೆರಳು ಚೂಪಾಗಿ ಬೀಳುತ್ತದೆ, ಪಾತ್ರ ಜಗಳಗಂಟನಾಗುತ್ತದೆ. ಇನ್ನೊಬ್ಬ ಗೊಂಬೆಯನ್ನು ದೀಪದ ಕಡೆಗೆ ಸರಿಸುತ್ತಾ ಬರುತ್ತಾನೆ. ಅಂಚು ಮಸುಕಾಗಿ ಮೈ ಉಬ್ಬುತ್ತದೆ, ಅದೇ ಪುಂಡ ಈಗ ಸೋಮಾರಿ, ಕುಡುಕ, ಪೆದ್ದ. ಎಣ್ಣೆದೀಪವಿದ್ದಾಗ ಜ್ವಾಲೆ ಅಲುಗಿದರೆ ಸುಮ್ಮನೆ ನಿಂತ ಗೊಂಬೆಯೂ ಉಸಿರಾಡಿದಂತೆ ಕಾಣುತ್ತಿತ್ತು. ವಿದ್ಯುತ್ ಬಲ್ಬು ಬಂದ ಮೇಲೆ ಆ ಉಸಿರನ್ನೂ ಕೈಯೇ ಕೊಡಬೇಕಾಯಿತು.

ಎರಡನೆಯದಾಗಿ ಮನೆಯಲ್ಲಿ. ಹೆಣ್ಣುಗೊಂಬೆಗಳಿಗೆ ಮನೆಯ ಹೆಂಗಸರೇ ದನಿ ಕೊಡುವುದು ಈ ಕಲೆಯಲ್ಲಿ ಮೊದಲಿನಿಂದ ಬಂದ ರೂಢಿ. ಗಂಡ ಕಿಳ್ಳೇಕ್ಯಾತನಾಗಿ, ಹೆಂಡತಿ ಬಂಗಾರಕ್ಕನಾಗಿ ಬೈದಾಡುವಾಗ ಆ ಬೈಗುಳಕ್ಕೆ ಸಂಸಾರದ ಬಿಸಿ ಇರುತ್ತದೆ, ಪೋಲಿ ಮಾತಿಗೂ ಸಲಿಗೆ ಇರುತ್ತದೆ. ಅತ್ತೆಯ ನಂತರ ಬಂಗಾರಕ್ಕನ ದನಿ ಸೊಸೆಗೆ ಬಂದರೆ? ಮಾವನ ಎದುರು ಅವಳು ಅದೇ ಮಾತಿಗೆ ಅದೇ ಉತ್ತರ ಕೊಡುವುದು ಹೇಗೆ? ಅಲ್ಲಿ ಕಿಳ್ಳೇಕ್ಯಾತ ತಣ್ಣಗಾಗಲೇಬೇಕು, ಇಲ್ಲವೇ ಮಗನ ಕೈಗೆ ಹೋಗಬೇಕು. ಪಾತ್ರದ ಸ್ವಭಾವವನ್ನು ಕಲಾವಿದನ ಪ್ರತಿಭೆಯಷ್ಟೇ ನಿರ್ಧರಿಸುತ್ತದೆ ಎಂದು ನಂಬುವವರು ಈ ನಂಟಿನ ಲೆಕ್ಕವನ್ನು ಮರೆಯುತ್ತಾರೆ. ಕೊಪ್ಪಳ ತಾಲ್ಲೂಕಿನ ಮೊರನಾಳದ ತೊಗಲುಗೊಂಬೆ ಕಲಾವಿದೆ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ ಸಂತೋಷಪಟ್ಟ ನಾವು, ಪರದೆಯ ಹಿಂದೆ ಹೆಂಗಸರ ದನಿ ತಲೆಮಾರುಗಳಿಂದ ಮಾಡಿದ ಕೆಲಸವನ್ನು ಇನ್ನಾದರೂ ಕಿವಿಗೊಟ್ಟು ಕೇಳಬೇಕು.

ಮೂರನೆಯದು ಊರು, ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು ಇದೇ. ನಮ್ಮ ಸಂತೇಬೆನ್ನೂರಿನಲ್ಲಿ ಪುಷ್ಕರಣಿ ನೋಡಲು ಬಂದವರ ಮುಂದೆ ಆಡುವ ಕಿಳ್ಳೇಕ್ಯಾತ ಒಬ್ಬನಾದರೆ, ಸಂತೆಗೆ ಬಂದವರ ಮುಂದೆ ಆಡುವವನು ಇನ್ನೊಬ್ಬ. ಚನ್ನಗಿರಿ ಸೀಮೆಯಲ್ಲಿ ಅಡಿಕೆ ಧಾರಣೆಯ ಮಾತೆತ್ತದ ಹಾಸ್ಯಗಾರನಿಗೆ ಯಾರು ನಗುತ್ತಾರೆ? ಹೊನ್ನಾಳಿಯ ಹೊಳೆದಂಡೆಯವರ ಚಿಂತೆ ಬೇರೆ. ಜಗಳೂರಿನ ಒಣಸೀಮೆಯಲ್ಲಿ ಮಳೆಯನ್ನು ಬಯ್ಯದೆ ಅವನಿಗೆ ಗತಿಯಿಲ್ಲ. ಮಳೆ ಹೋದಾಗ ಊರವರೇ ಕರೆಸಿ ಗೊಂಬೆ ಆಡಿಸುತ್ತಿದ್ದ ಪದ್ಧತಿ ಇದ್ದ ನಾಡಿದು. ಹೊಸ ಆಡಿಸುವವನು ಹಳಬನಿಗೆ ಸಾಟಿಯೋ ಅಲ್ಲವೋ ಎಂಬುದನ್ನು ಹೇಳುವ ಹಕ್ಕು ಹೀಗೆ ಎದುರಿಗೆ ಕೂತ ಊರಿಗೇ ಇತ್ತು. ನಗಲಿಲ್ಲವೆಂದರೆ ಅದೇ ತೀರ್ಪು.

ಹೊರಗಿನ ಒಂದು ಉದಾಹರಣೆ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಅಮೆರಿಕದ ಕಪ್ಪೆಗೊಂಬೆ ಕರ್ಮಿಟ್‌ನನ್ನು ಹುಟ್ಟಿಸಿದ ಜಿಮ್ ಹೆನ್ಸನ್ 1990ರಲ್ಲಿ ತೀರಿಕೊಂಡ ಮೇಲೆ ಸ್ಟೀವ್ ವಿಟ್‌ಮೈರ್ ಅದನ್ನು ಇಪ್ಪತ್ತೈದಕ್ಕೂ ಹೆಚ್ಚು ವರ್ಷ ಆಡಿಸಿದರು. 2017ರಲ್ಲಿ ಅದು ಮ್ಯಾಟ್ ವೋಗೆಲ್ ಕೈಗೆ ಹೋದಾಗ ಕರ್ಮಿಟ್‌ನ ನಿಜಗುಣ ಯಾವುದು ಎಂದು ದೊಡ್ಡ ಚರ್ಚೆಯೇ ನಡೆಯಿತು. ಅಲ್ಲಿ ಗೊಂಬೆ ಡಿಸ್ನಿ ಕಂಪನಿಯ ಸ್ವತ್ತು, ಕೊನೆಯ ಮಾತು ಕಂಪನಿಯದು. ಕಿಳ್ಳೇಕ್ಯಾತನಿಗೆ ಒಡೆಯನಿಲ್ಲ. ಇದು ಅವನ ಭಾಗ್ಯ.

ಸಮುದಾಯದ ಹೊರಗಿನವರು ಗೊಂಬೆ ಹಿಡಿದದ್ದರಿಂದ ಪರಂಪರೆ ಕೆಟ್ಟಿತು ಎಂಬ ದೂರನ್ನು ನಾನು ಒಪ್ಪುವುದಿಲ್ಲ. 2023ರಲ್ಲಿ ರಸ್ತೆ ಅಪಘಾತದಲ್ಲಿ ಅಗಲಿದ ಬಳ್ಳಾರಿಯ ಬೆಳಗಲ್ಲು ವೀರಣ್ಣ ರಂಗಭೂಮಿಯ ನಟರು. ಅವರು ಸ್ವಾತಂತ್ರ್ಯ ಸಂಗ್ರಾಮವನ್ನೂ ಗಾಂಧೀಜಿಯನ್ನೂ ತೊಗಲಿಗೆ ತಂದರು. ಗಾಂಧಿಯ ಗೊಂಬೆಗೆ ಹಿಂದಿನ ಮಾದರಿಯೇ ಇರಲಿಲ್ಲ. ರಂಗದ ಮೇಲೆ ಪಳಗಿದ ದನಿಯೊಂದು ಬಂದು ಅದಕ್ಕೆ ಜೀವ ಕೊಟ್ಟಿತು. ಅದು ಕೂಡಿಸಿದ್ದು, ಕಳೆದದ್ದಲ್ಲ.

ಕಳೆಯುತ್ತಿರುವವರು ಕರೆಸುವವರು. ಇಡೀ ರಾತ್ರಿಯ ಆಟವನ್ನು ಉತ್ಸವದ ವೇದಿಕೆಗಾಗಿ ಒಂದು ಗಂಟೆಗೆ ಇಳಿಸಿದಾಗ ಮೊದಲು ಕತ್ತರಿ ಬೀಳುವುದು ಕಿಳ್ಳೇಕ್ಯಾತನಿಗೇ, ಅವನಿಲ್ಲದೆಯೂ ಕಥೆ ಸಾಗುತ್ತದಲ್ಲ! ಉಳಿಸಿಕೊಂಡರೆ ಪೋಲಿತನ ತೆಗೆದು ಇಲಾಖೆಯ ಸಂದೇಶ ಹೇಳಿಸುತ್ತಾರೆ. ಶೌಚಾಲಯ ಕಟ್ಟಿಸಿ, ಮಕ್ಕಳನ್ನು ಶಾಲೆಗೆ ಕಳಿಸಿ ಎಂದು ಕಿಳ್ಳೇಕ್ಯಾತ ಬುದ್ಧಿ ಹೇಳುತ್ತಾನೆ. ಸಂದೇಶ ಒಳ್ಳೆಯದೇ. ಆದರೆ ಬುದ್ಧಿ ಹೇಳುವುದು ಅವನ ಜಾಯಮಾನವಲ್ಲ, ಬುದ್ಧಿ ಹೇಳುವವರನ್ನು ಅಣಕಿಸುವುದು ಅವನ ಕಸುಬು. ಮಾತನ್ನು ಮೊದಲೇ ಧ್ವನಿಮುದ್ರಿಸಿ ಅದಕ್ಕೆ ತಕ್ಕಂತೆ ಗೊಂಬೆ ಆಡಿಸುವ ರೂಢಿ ಸೇರಿಕೊಂಡರಂತೂ ಯಾರ ಕೈಗೆ ಹೋದರೂ ಅವನು ಬದಲಾಗುವುದಿಲ್ಲ. ಪರಂಪರೆ ಶುದ್ಧವಾಗಿ ಉಳಿಯಿತು ಎಂದು ಅದನ್ನು ಹೊಗಳುವವರೂ ಸಿಗುತ್ತಾರೆ.

ತರಬೇತಿ ಶಿಬಿರಗಳಲ್ಲಿ ಹುಡುಗರಿಗೆ ಚರ್ಮ ಕೊರೆಯುವುದನ್ನೂ ರಾಮಾಯಣದ ಹಾಡನ್ನೂ ಕಲಿಸುತ್ತಾರೆ, ಕಲಿಸಲಿ. ಕಿಳ್ಳೇಕ್ಯಾತನನ್ನು ಹಿಡಿಯಬೇಕಾದ ಹುಡುಗನನ್ನು ಮಾತ್ರ ಆಟದ ಹಿಂದಿನ ದಿನವೇ ಊರಿಗೆ ಕಳಿಸಬೇಕು. ಸಂತೆಯಲ್ಲಿ, ಚಹಾದಂಗಡಿಯಲ್ಲಿ, ಅಡಿಕೆ ಮಂಡಿಯ ಕಟ್ಟೆಯ ಮೇಲೆ ಕೂತು ಅವನು ಜನರ ಮಾತು ಕೇಳಬೇಕು. ಆ ಒಂದು ದಿನದ ಊಟ, ಬಸ್ ಚಾರ್ಜು, ಸಂಭಾವನೆ ಕರೆಸುವವರ ಖರ್ಚಿಗೆ ಸೇರಬೇಕು. ಅವನು ಮರುದಿನ ಪರದೆಯ ಹಿಂದಿನಿಂದ ಕರೆಸಿದವರನ್ನೇ ಆಡಿಕೊಂಡರೆ ಅದಕ್ಕೂ ಅವರು ತಯಾರಿರಬೇಕು.