ಖಾನಾವಳಿಯ ರೊಟ್ಟಿ, ಪ್ರವಾಸಿಯ ದೋಸೆ

ರಜೆಯಲ್ಲಿ ಬಾದಾಮಿ, ಐಹೊಳೆ, ಪಟ್ಟದಕಲ್ಲು, ವಿಜಯಪುರ, ಹಂಪಿಗಳ ಸುತ್ತು ಹಾಕುವ ದಕ್ಷಿಣ ಕರ್ನಾಟಕದ ಕುಟುಂಬಗಳ ಊಟ-ತಿಂಡಿಗೆ ಗೊತ್ತಾದ ಒಂದು ದಾರಿ ಇದೆ. ಬೆಳಗ್ಗೆ ಇಡ್ಲಿ-ವಡೆ, ಮಧ್ಯಾಹ್ನ ಅನ್ನ-ಸಾಂಬಾರಿನ ಮೀಲ್ಸ್, ಸಂಜೆ ಮಸಾಲೆ ದೋಸೆ, ಕಾಫಿ. ಊರು ಬದಲಾದರೂ ಹೋಟೆಲಿನ ಫಲಕ ಹೆಚ್ಚು ಬದಲಾಗುವುದಿಲ್ಲ. ಉಡುಪಿಯ ಹೆಸರೋ ಕೃಷ್ಣನ ಹೆಸರೋ ಅಲ್ಲಿರುತ್ತದೆ, ಕೆಳಗೆ 'ಶುದ್ಧ ಸಸ್ಯಾಹಾರಿ' ಎಂಬ ಒಕ್ಕಣೆ. ಪರಊರಿನಲ್ಲಿ ಕಣ್ಣುಮುಚ್ಚಿ ನಂಬಬಹುದಾದ ಜಾಗ ಉಡುಪಿ ಹೋಟೆಲ್ ಎಂಬ ಕೀರ್ತಿಯೇ ಈ ಅಭ್ಯಾಸಕ್ಕೆ ಆಧಾರ. ಪ್ರವಾಸದ ಊಟದ ಮಟ್ಟಿಗೆ ಆ ಕೀರ್ತಿ ಅತಿಯಾಯಿತು. ಅದೇ ಬೀದಿಯಲ್ಲಿ ನಾಲ್ಕು ಅಂಗಡಿ ಆಚೆಗಿರುವ ಖಾನಾವಳಿಗೆ ಮಾತ್ರ ಸಲ್ಲಬೇಕಾದ ಮನ್ನಣೆ ಸಂದಿಲ್ಲ.

ಉಡುಪಿ ಹೋಟೆಲಿನ ಚರಿತ್ರೆಯನ್ನು ಇಲ್ಲಿ ಮತ್ತೆ ಹೇಳಬೇಕಿಲ್ಲ. 1924ರಲ್ಲಿ ಬೆಂಗಳೂರಿನಲ್ಲಿ ಮಯ್ಯ ಸಹೋದರರು ತೆರೆದು ಮುಂದೆ ಎಂ.ಟಿ.ಆರ್. ಎಂದು ಹೆಸರಾದ ಕಾಫಿ ಕ್ಲಬ್, ಮದ್ರಾಸಿನಲ್ಲಿ ಕೆ. ಕೃಷ್ಣರಾಯರು ಕಟ್ಟಿದ ವುಡ್‌ಲ್ಯಾಂಡ್ಸ್, 1942ರಲ್ಲಿ ಮುಂಬಯಿಯ ಮಾಟುಂಗಾದಲ್ಲಿ ಎ. ರಾಮ ನಾಯಕರು ಶುರುಮಾಡಿದ ಬೋರ್ಡಿಂಗ್ ಎಲ್ಲರೂ ಬಲ್ಲ ಹೆಸರುಗಳು. ಇವುಗಳ ಸಾಧನೆಯನ್ನು ಅಲ್ಲಗಳೆಯಲಾಗದು. ಮನೆಯಿಂದ ದೂರವಾಗಿ ದುಡಿಯುವವನಿಗೆ ಕಡಿಮೆ ಬೆಲೆಯಲ್ಲಿ ಬಿಸಿಯಾದ, ಚೊಕ್ಕಟವಾದ ತಿಂಡಿಯನ್ನು ದಿನವಿಡೀ ಒದಗಿಸಿದ್ದು ಸಣ್ಣ ಕೆಲಸವಲ್ಲ. ಆದರೆ ಅದು ಸಾಧ್ಯವಾದದ್ದು ಹೇಗೆಂದು ನೋಡಿದರೆ ಅದರ ಮಿತಿಯೂ ಕಾಣುತ್ತದೆ. ದೋಸೆ ಹಿಟ್ಟು ಹಿಂದಿನ ದಿನವೇ ರುಬ್ಬಿಟ್ಟು ಹುದುಗು ಬಂದದ್ದು. ಸಾಂಬಾರು ಹಂಡೆಯಲ್ಲಿ ಕಾಯುತ್ತಿರುತ್ತದೆ, ಆಲೂಗಡ್ಡೆ ಪಲ್ಯವೂ ಅಷ್ಟೇ. ಗಿರಾಕಿ ಬಂದ ಮೇಲೆ ಉಳಿದಿರುವುದು ಕಾವಲಿಯ ಮೇಲಿನ ಎರಡು ನಿಮಿಷದ ಕೆಲಸ. ಎಲ್ಲವೂ ಕಾಯಬಲ್ಲದ್ದಾದ್ದರಿಂದ ಇಡೀ ಅಡುಗೆಮನೆಯನ್ನು ಎಲ್ಲಿಗೆ ಬೇಕಾದರೂ ಒಯ್ಯಬಹುದು. ಹೀಗಾಗಿಯೇ ಉಡುಪಿ ಹೋಟೆಲ್ ಮದ್ರಾಸನ್ನೂ ಮುಂಬಯಿಯನ್ನೂ ಗೆದ್ದಿತು. ಹೀಗಾಗಿಯೇ ಬಾದಾಮಿಯಲ್ಲಿ ಸಿಗುವ ದೋಸೆಗೆ ಬಾದಾಮಿಯೊಂದಿಗೆ ಯಾವ ಸಂಬಂಧವೂ ಇರುವುದಿಲ್ಲ. ಬೇಡವೆಂದು ಬಿಟ್ಟು ಬಂದದ್ದನ್ನೇ ದುಡ್ಡು ಕೊಟ್ಟು ಪಡೆಯುವುದಾದರೆ ರಜೆಯ ಉದ್ದೇಶದಲ್ಲೇ ಏನೋ ಎಡವಟ್ಟಾಗಿದೆ.

ಉಡುಪಿ ಹೋಟೆಲನ್ನು ಕೊಂಡಾಡುವ ಬರಹಗಾರರು ಈ ಹಂತದಲ್ಲಿ ರುಚಿಯ ಮಾತು ಬಿಟ್ಟು ಸಮಾಜದ ಮಾತಿಗೆ ಬರುತ್ತಾರೆ. ಎಲ್ಲ ಜಾತಿಯವರನ್ನೂ ಒಂದೇ ಮೇಜಿಗೆ ತಂದದ್ದು ಈ ಹೋಟೆಲುಗಳೇ ಎನ್ನುತ್ತಾರೆ. ಇದು ಅರ್ಧ ಸತ್ಯ. ತೆರೆದುಕೊಂಡದ್ದು ನಿಜ. ತಾನಾಗಿಯೇ, ಒಳ್ಳೆಯತನದಿಂದ ತೆರೆದುಕೊಂಡಿತು ಎನ್ನುವುದು ನಿಜವಲ್ಲ. ಬ್ರಾಹ್ಮಣರಿಗೆ ಒಂದು ಕೋಣೆ, ಉಳಿದವರಿಗೆ ಇನ್ನೊಂದು, ದಲಿತರಿಗೆ ಬಾಗಿಲಾಚೆ ಎಂಬ ಏರ್ಪಾಡು ಹಲವು ಹೋಟೆಲುಗಳಲ್ಲಿ ಬಹುಕಾಲ ನಡೆಯಿತು. ಸಂವಿಧಾನದ 15ನೇ ವಿಧಿಯ ಎರಡನೇ ಉಪವಿಧಿ ಅಂಗಡಿಗಳ ಜೊತೆಗೆ ಉಪಾಹಾರ ಗೃಹ, ಹೋಟೆಲುಗಳನ್ನೂ ಹೆಸರಿಸಿ ಪ್ರವೇಶದ ಹಕ್ಕು ಕೊಡಬೇಕಾಯಿತು ಎಂದರೆ ಅಲ್ಲಿ ತಡೆ ಇತ್ತೆಂದೇ ಅರ್ಥ. ಅದು ಜಾರಿಗೆ ಬಂದ ಮೇಲೂ, 1957ರಲ್ಲಿ, ಮದ್ರಾಸಿನ ತಿರುವಲ್ಲಿಕ್ಕೇಣಿಯ ಮುರಳಿ ಕೆಫೆಯ ಫಲಕದಿಂದ 'ಬ್ರಾಹ್ಮಣ' ಎಂಬುದನ್ನು ತೆಗೆಸಲು ಪೆರಿಯಾರ್ ಅನುಯಾಯಿಗಳು ಚಳವಳಿ ಹೂಡಿದರು. ಮೇಜು ಎಲ್ಲರದಾದದ್ದು ಕಾನೂನು, ಚಳವಳಿ, ವ್ಯಾಪಾರದ ಲೆಕ್ಕ ಈ ಮೂರೂ ಕೂಡಿದ್ದರಿಂದ. ಮೂರನೆಯದಕ್ಕೆ ಮಾತ್ರ ಹಾರ ಹಾಕಿ ಮೊದಲೆರಡನ್ನು ಮರೆಸುವುದು ವಿಮರ್ಶೆಯಲ್ಲ. ಒಂದು ವೇಳೆ ಈ ಸಾಮಾಜಿಕ ವಾದ ಪೂರ್ತಿ ಸರಿ ಎಂದೇ ಇಟ್ಟುಕೊಂಡರೂ, ವಿಜಯಪುರಕ್ಕೆ ಹೋದವರು ಇಡ್ಲಿ ತಿನ್ನಬೇಕು ಎಂಬುದಕ್ಕೆ ಅದು ಕಾರಣವಾಗುವುದಿಲ್ಲ.

ಹಾಗೆಂದು ಖಾನಾವಳಿ ಜಾತಿಯ ಸೋಂಕಿಲ್ಲದ ಜಾಗವೇನಲ್ಲ. 'ಲಿಂಗಾಯತ ಖಾನಾವಳಿ' ಎಂಬ ಫಲಕ ಧಾರವಾಡದಿಂದ ಕಲಬುರಗಿಯವರೆಗೆ ಇಂದಿಗೂ ಕಾಣಸಿಗುತ್ತದೆ. ಹುಬ್ಬಳ್ಳಿ, ಗದಗ-ಬೆಟಗೇರಿಗಳಲ್ಲಿ ಮಾಂಸದೂಟಕ್ಕೆ ಹೆಸರಾದವು ಸಾವಜಿ ಖಾನಾವಳಿಗಳು. ಒಳಗೆ ಮಾಂಸ ಬೇಯುತ್ತದೋ ಇಲ್ಲವೋ ಎಂಬುದನ್ನು ಗಿರಾಕಿಗೆ ತಿಳಿಸುವ ಸೂಚನೆಯಾಗಿ ಇವತ್ತು ಈ ಹೆಸರುಗಳು ಕೆಲಸ ಮಾಡುತ್ತವೆ. ಅದಷ್ಟೇ ಎಂದು ತೇಲಿಸಿಬಿಡುವುದೂ ತಪ್ಪು.

ಖಾನಾವಳಿ ಹುಟ್ಟಿದ್ದು ಪ್ರವಾಸಿಗಾಗಿ ಅಲ್ಲ. ತಿಂಗಳ ಲೆಕ್ಕದಲ್ಲಿ ಉಣ್ಣುವ ಒಂಟಿ ಗಂಡಸರಿಗಾಗಿ. 1917ರಲ್ಲಿ ಕರ್ನಾಟಕ ಕಾಲೇಜು ಶುರುವಾದ ಧಾರವಾಡದಲ್ಲಿ ಹಳ್ಳಿಯಿಂದ ಬಂದ ವಿದ್ಯಾರ್ಥಿಗಳು, ಕಚೇರಿಯ ಗುಮಾಸ್ತರು, ಕೋರ್ಟಿಗೆ ಅಲೆಯುವ ಕಕ್ಷಿದಾರರು, ಹತ್ತಿ ಮಾರಲು ಬಂದ ರೈತರು ಅದರ ಗಿರಾಕಿಗಳು. ಮುಂಬಯಿಯ ಗಿರಣಿ ಕೇರಿಗಳಲ್ಲೂ ಇದೇ ಬಗೆಯ ಖಾನಾವಳಿಗಳಿದ್ದವು. ಅಲ್ಲಿ ಕಾರ್ಮಿಕರಿಗೆ ಅಡುಗೆ ಮಾಡಿ ಬಡಿಸುತ್ತಿದ್ದ ಹೆಂಗಸರನ್ನು ಸಂಘಟಿಸಲೆಂದೇ 1975ರಲ್ಲಿ ಪ್ರೇಮಾ ಪುರವ್ ಅನ್ನಪೂರ್ಣಾ ಮಹಿಳಾ ಮಂಡಳ ಕಟ್ಟಿದರು. ಈ ಹಿನ್ನೆಲೆಯಿಂದಲೇ ಖಾನಾವಳಿಯ ಗುಣಗಳೂ ಬಂದಿವೆ. ಪಟ್ಟಿಯಿಂದ ಆರಿಸುವ ಮಾತಿಲ್ಲ, ಅವತ್ತು ಮಾಡಿದ್ದೇ ಊಟ. ದಿನಾ ಬರುವವನಿಗೆ ಹೊಟ್ಟೆ ಕೆಡಬಾರದು, ಬೇಸರವೂ ಬರಬಾರದು. ಅಲಂಕಾರಕ್ಕೆ ಖರ್ಚು ಮಾಡುವ ಅಗತ್ಯವೇ ಇಲ್ಲ.

ಖಾನಾವಳಿಯ ಯೋಗ್ಯತೆ ತೀರ್ಮಾನವಾಗುವುದು ಒಂದೇ ಪದಾರ್ಥದಲ್ಲಿ: ಬಿಸಿ ಜೋಳದ ರೊಟ್ಟಿ. ಇದನ್ನು ಸರಳವಾದ, ಒರಟಾದ ಹಳ್ಳಿ ತಿನಿಸೆಂದು ಬಗೆಯುವವರು ಅದನ್ನು ಮಾಡುವುದನ್ನು ನಿಂತು ನೋಡಿರಲಾರರು. ಗೋದಿ ಹಿಟ್ಟನ್ನು ನಾದಿದಾಗ ಹುಟ್ಟುವ ಎಳೆಯುವ ಗುಣ, ಗ್ಲುಟೆನ್ ಎಂಬ ಪ್ರೋಟೀನಿನದು. ಜೋಳದಲ್ಲಿ ಅದಿಲ್ಲ. ಜೋಳದ ಹಿಟ್ಟನ್ನು ತಣ್ಣೀರಲ್ಲಿ ಕಲಸಿ ತಟ್ಟಹೋದರೆ ಅಂಚು ಸೀಳುತ್ತದೆ, ನಡುವೆ ಬಿರಿಯುತ್ತದೆ. ಹಾಗಾಗಿ ಹಿಟ್ಟಿಗೆ ಕುದಿಯುವ ನೀರು ಸುರಿಯುತ್ತಾರೆ. ಅದರ ಕಾವಿಗೆ ಪಿಷ್ಟದ ಒಂದಂಶ ಅಲ್ಲೇ ಬೆಂದು ಅಂಟಾಗುತ್ತದೆ, ಉಳಿದ ಹಿಟ್ಟನ್ನು ಹಿಡಿದಿಡುವುದು ಈ ಅಂಟೇ. ನೀರು ಕಡಿಮೆ ಬಿಸಿಯಾದರೆ ಹಿಡಿತ ಸಾಲದು, ಹೆಚ್ಚು ಸುರಿದರೆ ಮುದ್ದೆಯಾದೀತು. ಹಿಟ್ಟಿನ ಜಿಗಿಯೂ ಮುಖ್ಯ. ಬೀಸಿ ಬಹಳ ದಿನವಾದ ಹಿಟ್ಟಿಗೆ ಜಿಗಿ ಇರುವುದಿಲ್ಲ ಎಂಬುದು ಆ ಭಾಗದ ಪ್ರತಿ ಮನೆಗೂ ಗೊತ್ತು. ಜೋಳದ ತಳಿಯೂ ಲೆಕ್ಕಕ್ಕೆ ಬರುತ್ತದೆ. ವಿಜಯಪುರ, ಸೋಲಾಪುರದ ಎರೆಮಣ್ಣಿನಲ್ಲಿ ಹಿಂಗಾರಿಗೆ ಬೆಳೆಯುವ ಮಾಲದಂಡಿ ಜೋಳದ ಬಿಳುಪು, ಸಿಹಿ, ಮಿದುತನ ಮುಂಗಾರಿನ ಹೈಬ್ರಿಡ್ ಜೋಳಕ್ಕೆ ಬರುವುದಿಲ್ಲ.

ಆಮೇಲಿನದು ಕೈಯ ಕೆಲಸ. ಉಂಡೆಯನ್ನು ಒಣಹಿಟ್ಟಿನ ಮೇಲಿಟ್ಟು ಅಂಗೈಯಿಂದ ಬಡಿಯುತ್ತಾ ತಿರುಗಿಸುತ್ತಾರೆ. ಬಡಿತದ ಭಾರ ನಡುವೆಯೂ ಅಂಚಿನಲ್ಲೂ ಒಂದೇ ಇರಬೇಕು. ಹೆಂಚಿಗೆ ಹಾಕಿದೊಡನೆ ಮೇಲ್ಮೈಗೆ ಒದ್ದೆ ಬಟ್ಟೆಯಿಂದ ನೀರು ಸವರುತ್ತಾರೆ. ನೋಡುವವರಿಗೆ ಇದು ಒಣಹಿಟ್ಟು ಒರೆಸುವ ಕೆಲಸವೆನಿಸುತ್ತದೆ, ಆದರೆ ಇಡೀ ರೊಟ್ಟಿ ನಿಂತಿರುವುದು ಈ ಕ್ರಿಯೆಯ ಮೇಲೆ. ಸವರಿದ ನೀರಿಗೂ ಕಾವಿಗೂ ಮೇಲಿನ ತೆಳು ಪದರು ಬೆಂದು ಮುಚ್ಚಿಕೊಳ್ಳುತ್ತದೆ. ಮಗುಚಿ ಕೆಂಡಕ್ಕೋ ಉರಿಗೋ ಹಿಡಿದಾಗ ಒಳಗಿನ ತೇವ ಆವಿಯಾಗಿ, ಹೊರಹೋಗಲು ದಾರಿಯಿಲ್ಲದೆ, ಪದರನ್ನು ಎತ್ತಿ ರೊಟ್ಟಿಯನ್ನು ಉಬ್ಬಿಸುತ್ತದೆ. ಒಂದು ಕಡೆ ಸೀಳಿದ್ದರೂ ಆವಿ ಅಲ್ಲಿಂದ ಹೋಗಿ ರೊಟ್ಟಿ ಚಪ್ಪಟೆಯಾಗಿಯೇ ಉಳಿಯುತ್ತದೆ. ಉಬ್ಬಿದ ರೊಟ್ಟಿಯಲ್ಲಿ ಎರಡು ರುಚಿ ಇರುತ್ತವೆ: ಮೇಲೆ ಗರಿಯಾದ, ಅಲ್ಲಲ್ಲಿ ಸುಟ್ಟ ತೆಳು ಪದರು, ಕೆಳಗೆ ಆವಿಯಲ್ಲಿ ಬೆಂದ ಮೆತ್ತನೆಯ ಭಾಗ. ಉಬ್ಬದ ರೊಟ್ಟಿಯಲ್ಲಿ ಎರಡೂ ಇಲ್ಲ.

ಈ ರೊಟ್ಟಿ ಕಾಯುವುದಿಲ್ಲ. ತಣಿದಂತೆ ಬೆಂದ ಪಿಷ್ಟ ಮತ್ತೆ ಬಿಗಿಯುತ್ತದೆ, ಹೆಂಚಿನಿಂದ ಇಳಿದ ಕೆಲವೇ ನಿಮಿಷಗಳಲ್ಲಿ ಮೆತ್ತನೆಯ ರೊಟ್ಟಿ ಚರ್ಮದಂತಾಗುತ್ತದೆ. ಮತ್ತೆ ಬಿಸಿ ಮಾಡಿದರೆ ಮೊದಲಿನ ಗುಣ ಪೂರ್ತಿ ಬರುವುದಿಲ್ಲ. ಆದ್ದರಿಂದ ಖಾನಾವಳಿ ತನ್ನ ಇಡೀ ವ್ಯವಸ್ಥೆಯನ್ನು ಹೆಂಚಿಗೂ ತಾಟಿಗೂ ನಡುವಿನ ದೂರಕ್ಕೆ ಹೊಂದಿಸಿಕೊಂಡಿದೆ. ರೊಟ್ಟಿ ಬಡಿಯುವ ಹೆಂಗಸರು ಊಟದ ಕೋಣೆಯ ಪಕ್ಕದಲ್ಲೇ ಇರುತ್ತಾರೆ. ಬಡಿಸುವವನು ಒಂದೊಂದನ್ನೇ ತರುತ್ತಾನೆ, ಮೊದಲನೆಯದು ಮುಗಿಯುವ ಮುನ್ನ ಎರಡನೆಯದು ಬರುತ್ತದೆ. ಬಾಗಿಲು ತೆರೆಯುವುದು ಮಧ್ಯಾಹ್ನ ಕೆಲ ಗಂಟೆ, ರಾತ್ರಿ ಕೆಲ ಗಂಟೆ ಮಾತ್ರ. ಕಾಯಬಲ್ಲ ಹಿಟ್ಟಿನ ಮೇಲೆ ಉಡುಪಿ ಹೋಟೆಲ್ ತನ್ನ ಸಾಮ್ರಾಜ್ಯ ಕಟ್ಟಿದರೆ, ಕಾಯಲೊಲ್ಲದ ರೊಟ್ಟಿಯಿಂದಾಗಿ ಖಾನಾವಳಿ ಊರಿನಲ್ಲೇ ಉಳಿಯಿತು. ಇದು ಹಿಂದುಳಿದಿರುವಿಕೆಯಲ್ಲ, ಪದಾರ್ಥಕ್ಕೆ ತೋರಿದ ನಿಷ್ಠೆ.

ತಾಟಿನ ಉಳಿದ ಪದಾರ್ಥಗಳನ್ನೂ ರೊಟ್ಟಿಯ ಜೊತೆಯಲ್ಲೇ ಅಳೆಯಬೇಕು. ಎಣಗಾಯಿಯ ಎಣ್ಣೆ ಒಣ ರೊಟ್ಟಿಗೆ ಬೇಕಾದ ಜಾರು ಕೊಡುತ್ತದೆ. ಶೇಂಗಾ, ಗುರೆಳ್ಳು, ಅಗಸೆಯ ಹಿಂಡಿಗಳನ್ನು ಮೊಸರಿನಲ್ಲೋ ಎಣ್ಣೆಯಲ್ಲೋ ಕಲಸಿಕೊಳ್ಳಬೇಕು. ಮಡಕೆ ಕಾಳಿನ ಪಲ್ಯ, ಜುಣಕ ಹೊಟ್ಟೆ ತುಂಬಿಸಿದರೆ, ಹಸಿ ಮೆಂತ್ಯ, ಉಳ್ಳಾಗಡ್ಡಿ, ಸೌತೆಕಾಯಿ ಬಾಯಿಗೆ ತಂಪು. ಕೊನೆಗೆ ಬರುವ ಅನ್ನ-ಸಾರು ಮಾತ್ರ ಬಹುತೇಕ ಕಡೆ ಕಾಟಾಚಾರದ್ದು, ಸಾರಿಗೆ ಹುಳಿಯೂ ಇಲ್ಲ, ಮೈಯೂ ಇಲ್ಲ. ದಕ್ಷಿಣದವರು ಅಷ್ಟನ್ನೇ ಹಿಡಿದು ಇಡೀ ಊಟವನ್ನು ತೂಗುವುದುಂಟು. ಅದು ಅನ್ಯಾಯವಾದರೂ ಸಾರಿನ ದೋಷ ದೋಷವೇ. ದಿನವೂ ಅದದೇ ಪದಾರ್ಥಗಳ ಸುತ್ತ ತಿರುಗುವುದು ಇನ್ನೊಂದು ಕೊರತೆ. ಒಂದು ವಾರ ಉಂಡವನಿಗೆ ಅದು ತಿಳಿಯುತ್ತದೆ, ಎರಡು ದಿನದ ಪ್ರವಾಸಿಗೆ ತಿಳಿಯುವುದಿಲ್ಲ.

ಇತ್ತೀಚೆಗೆ ಖಾನಾವಳಿಗೆ ಹೊಸ ಅಭಿಮಾನಿಗಳು ಹುಟ್ಟಿಕೊಂಡಿದ್ದಾರೆ. ಅವರಿಂದ ಆಗುತ್ತಿರುವ ಹಾನಿ ಉಪೇಕ್ಷೆಯಿಂದ ಆದದ್ದಕ್ಕಿಂತ ಕಡಿಮೆಯೇನಲ್ಲ. 'ಅಪ್ಪಟ', 'ಅಜ್ಜಿಯ ಕೈರುಚಿ', 'ಸಾವಿರ ವರ್ಷಗಳ ಪರಂಪರೆ' ಎಂಬ ಮಾತುಗಳಿಲ್ಲದೆ ಅವರ ಬರಹ ಮುಂದೆ ಸಾಗದು. ಖಾನಾವಳಿ ಅಜ್ಜಿಯ ಅಡುಗೆಮನೆಯಲ್ಲ, ಪೇಟೆಯ ವ್ಯಾಪಾರ. ಇನ್ನು ಪರಂಪರೆಯ ಮಾತು: ತಾಟಿನಲ್ಲಿರುವ ಕೆಂಪು ಖಾರಕ್ಕೆ ಮೂಲವಾದ ಮೆಣಸಿನಕಾಯಿ ಅಮೆರಿಕ ಖಂಡದ್ದು, ಪೋರ್ಚುಗೀಸರ ಮೂಲಕ 16ನೇ ಶತಮಾನದಲ್ಲಿ ಇಲ್ಲಿಗೆ ಬಂದದ್ದು. ಬ್ಯಾಡಗಿಗೆ ಭೌಗೋಳಿಕ ಸೂಚಕದ ಮುದ್ರೆ ಬಿದ್ದ ಮಾತ್ರಕ್ಕೆ ಅದು ಚಾಲುಕ್ಯರ ಕಾಲಕ್ಕೆ ಸಲ್ಲುವುದಿಲ್ಲ. ಶೇಂಗಾ ದಕ್ಷಿಣ ಅಮೆರಿಕದ್ದು. ಜೋಳವೂ ಸಾವಿರಾರು ವರ್ಷಗಳ ಹಿಂದೆ ಆಫ್ರಿಕಾದಿಂದ ಬಂದ ಧಾನ್ಯ. ಎರಡನೇ ಪುಲಿಕೇಶಿಯ ತಾಟಿನಲ್ಲಿ ಶೇಂಗಾ ಚಟ್ನಿ ಇರಲು ಸಾಧ್ಯವೇ ಇರಲಿಲ್ಲ. ಈ ವಾದ ತೊಡಕಾಗುವುದು ಬರೀ ಚರಿತ್ರೆಯ ತಪ್ಪಿನಿಂದಲ್ಲ. ಊಟವನ್ನು ಪುರಾತನವೆಂದು ಹೊಗಳಿದಾಗ ಅದರ ಕೌಶಲವನ್ನು ಪರೀಕ್ಷಿಸುವ ಅಗತ್ಯವೇ ಬೀಳುವುದಿಲ್ಲ. ಉಬ್ಬದ ರೊಟ್ಟಿಯೂ ಅಪ್ಪಟವೇ ಆಗಿಬಿಡುತ್ತದೆ. ಬಡಿದವಳ ಕೈ ಚೆನ್ನಾಗಿತ್ತೇ, ಹಿಟ್ಟು ಹೊಸದಾಗಿತ್ತೇ ಎಂದು ಯಾರೂ ಕೇಳುವುದಿಲ್ಲ. ಬೆಂಕಿಯ ಮುಂದೆ ಗಂಟೆಗಟ್ಟಲೆ ಕೂರುವ ಆ ಹೆಂಗಸಿನ ಕೂಲಿಯ ಪ್ರಶ್ನೆಯೂ ಅಜ್ಜಿಯ ಮಮತೆಯ ಮಾತಿನಲ್ಲಿ ಮುಚ್ಚಿಹೋಗುತ್ತದೆ.

ಈ ಹೊಗಳಿಕೆಯ ಫಲವೇ ರೆಸಾರ್ಟುಗಳಲ್ಲೂ ಬೆಂಗಳೂರಿನ ಮಾಲುಗಳಲ್ಲೂ ಸಿಗುವ 'ಉತ್ತರ ಕರ್ನಾಟಕ ಥಾಲಿ'. ಹತ್ತಾರು ಬಟ್ಟಲು, ಹಿತ್ತಾಳೆಯ ತಾಟು, ನಡುವೆ ಯಂತ್ರದಲ್ಲಿ ಒತ್ತಿ, ಡಬ್ಬಿಯಲ್ಲಿ ಮುಚ್ಚಿಟ್ಟು ತಂದ ರೊಟ್ಟಿ. ಮುಚ್ಚಿಟ್ಟ ರೊಟ್ಟಿಯ ಆವಿ ಅದರ ಮೇಲೆಯೇ ಇಳಿದು ಗರಿಯನ್ನು ಕೊಲ್ಲುತ್ತದೆ. ಹಂಪಿಯ ಕೆಫೆಗಳು ಈ ಸೋಗಿನಿಂದ ದೂರ. ವಿದೇಶಿ ಪ್ರವಾಸಿಗೆ ಹಮ್ಮಸ್, ಪ್ಯಾನ್‌ಕೇಕ್ ಕೊಡುತ್ತಿದ್ದ ವಿರೂಪಾಪುರ ಗಡ್ಡೆಯ ಜಾಗಗಳು 2020ರಲ್ಲಿ ಕೋರ್ಟಿನ ತೀರ್ಪಿನ ಮೇಲೆ ತೆರವಾದವು. ಅವುಗಳ ಅಡುಗೆ ಸಾಧಾರಣದ್ದೇ, ಆದರೆ ಇನ್ನೊಂದಾಗಿ ತೋರಿಸಿಕೊಳ್ಳುವ ಹಟ ಅವಕ್ಕೆ ಇರಲಿಲ್ಲ.

ಕಡಕ್ ರೊಟ್ಟಿಯನ್ನು ಬಿಸಿ ರೊಟ್ಟಿಯ ಬದಲಿ ಎಂದು ಪರಿಗಣಿಸುವುದು ಸಾಮಾನ್ಯವಾದ ತಪ್ಪು. ತೇವವನ್ನೆಲ್ಲ ಓಡಿಸಿ ಒಣಗಿಸಿದ್ದರಿಂದ ಅದು ವಾರಗಟ್ಟಲೆ ಕೆಡುವುದಿಲ್ಲ, ಬಿಗಿಯುವ ಪ್ರಶ್ನೆಯೂ ಇಲ್ಲ. ಕಾಯಲೆಂದೇ ಮಾಡಿದ ಬೇರೆಯೇ ತಿನಿಸು ಅದು. ಬಾದಾಮಿಯ ಬಳಿಯ ಬನಶಂಕರಿ ಗುಡಿಯ ಮುಂದೆ ಬುಟ್ಟಿ ಇಟ್ಟುಕೊಂಡು ರೊಟ್ಟಿ, ಪಲ್ಯ, ಹಿಂಡಿ, ಮೊಸರು ಮಾರುವ ಹೆಂಗಸರ ಊಟವನ್ನು ಈ ದೃಷ್ಟಿಯಿಂದಲೇ ತೂಗಬೇಕು. ಮನೆಯಲ್ಲಿ ಮುಂಜಾನೆ ಬಡಿದು ಬಟ್ಟೆಯಲ್ಲಿ ಸುತ್ತಿ ತಂದ ಮೆತ್ತನೆಯ ರೊಟ್ಟಿ ಮಧ್ಯಾಹ್ನದ ಹೊತ್ತಿಗೆ ಖಾನಾವಳಿಯ ರೊಟ್ಟಿಯ ಹತ್ತಿರವೂ ಬರುವುದಿಲ್ಲ, ಪ್ರವಾಸ ಬರಹಗಳು ಏನೇ ಹೇಳಲಿ. ಮೊಸರು, ಹಿಂಡಿಗಳು ಮಾತ್ರ ಬಹುತೇಕ ಖಾನಾವಳಿಗಳನ್ನು ಮೀರಿಸುತ್ತವೆ. ಅಲ್ಲಿ ಉಣ್ಣುವವರು ಕಡಕ್ ರೊಟ್ಟಿ ಕೇಳಿ ಪಡೆದು, ಮುರಿದು ಮೊಸರಿಗೆ ಹಾಕಿಕೊಳ್ಳುವುದು ಒಳ್ಳೆಯದು. ಬಿಸಿ ರೊಟ್ಟಿಗೆ ಊರೊಳಗಿನ ಖಾನಾವಳಿಗೆ, ಅದೂ ಮಧ್ಯಾಹ್ನ ಒಂದು ಗಂಟೆಯೊಳಗೆ, ಹೋಗಬೇಕು.