ಮೇಲಿನ ಎರಡು ಪಟ್ಟಿಕೆಗಳು: ಯುದ್ಧಹಿಂಸೆಯ ಚಿತ್ರಣ ಮತ್ತು ನೋಡುಗ

ಹುಲಿಕೆರೆ, ಹಳೇಬೀಡು, ಬೇಲೂರುಗಳನ್ನೊಳಗೊಂಡ ಹೊಯ್ಸಳ ಸೀಮೆಯಲ್ಲಿ ಯುದ್ಧದ ಸಾವನ್ನು ನೋಡುವ ಕ್ರಮವೊಂದನ್ನು ವೀರಗಲ್ಲುಗಳು ರೂಢಿಸಿವೆ. ಸಾಮಾನ್ಯವಾಗಿ ಮೂರು ಪಟ್ಟಿಕೆಗಳಿರುವ ಈ ಕಲ್ಲುಗಳಲ್ಲಿ ಕೆಳಗೆ ಕಾಳಗ, ನಡುವೆ ವೀರನನ್ನು ಕೊಂಡೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗದ ಸನ್ನಿಧಿ. ನೋಡುಗನ ಕಣ್ಣು ಕೆಳಗಿನಿಂದ ಮೇಲಕ್ಕೇರುತ್ತದೆ. ನೆತ್ತರು ಪೂಜೆಯಲ್ಲಿ ಕೊನೆಗೊಳ್ಳುತ್ತದೆ.

ಎಲೆಮ್ ಕ್ಲಿಮೋವ್ ನಿರ್ದೇಶಿಸಿದ 'ಕಮ್ ಅಂಡ್ ಸೀ' (1985) ಚಲನಚಿತ್ರಕ್ಕೆ ಬರುವ ಪ್ರತಿಕ್ರಿಯೆಗಳನ್ನು ಈ ಹಿನ್ನೆಲೆಯಲ್ಲಿ ಪರಿಶೀಲಿಸಬಹುದು. 1943ರ ಬೆಲಾರೂಸಿನಲ್ಲಿ ನಾಜಿ ಪಡೆಗಳು ಹಳ್ಳಿಗರನ್ನು ಮರದ ಕಟ್ಟಡವೊಂದರಲ್ಲಿ ಕೂಡಿಹಾಕಿ ಸುಡುವುದನ್ನು ಫ್ಲ್ಯೋರಾ ಎಂಬ ಹುಡುಗ ಕಾಣುತ್ತಾನೆ. ಹೀಗೆ 628 ಹಳ್ಳಿಗಳು ಜನಸಹಿತ ಸುಟ್ಟುಹೋದವೆಂದು ಚಿತ್ರದ ಕೊನೆ ತಿಳಿಸುತ್ತದೆ. ಇದನ್ನು ನೋಡಲಾಗದು, ಇಷ್ಟನ್ನು ತೋರಿಸಬೇಕಿತ್ತೆ ಎಂಬ ಆಕ್ಷೇಪವನ್ನು ಪ್ರೇಕ್ಷಕರ ದೌರ್ಬಲ್ಯವೆಂದು ತಳ್ಳಿಹಾಕುವುದು ಸರಿಯಲ್ಲ. ಚಿತ್ರದಲ್ಲಿ ಮೇಲಿನ ಎರಡು ಪಟ್ಟಿಕೆಗಳಿಲ್ಲ. ಕಣ್ಣಿಗೆ ಏರಲು ಎಡೆಯಿಲ್ಲ.

ಆದರೆ ಇದೇ ಪ್ರಶ್ನೆಯನ್ನು ನಮ್ಮ ಕಲ್ಲುಗಳಿಗೂ ಕೇಳಬೇಕಾಗುತ್ತದೆ. ವೀರಗಲ್ಲಿನ ಶಾಸನಗಳಲ್ಲಿ 'ಊರಳಿವು', 'ಪೆಣ್ಬುಯ್ಯಲ್' ಎಂಬ ಮಾತುಗಳು ಬರುತ್ತವೆ. ಊರಿನ ನಾಶ, ಹೆಂಗಸರ ಮೊರೆ ಎಂದು ಅವುಗಳ ಅರ್ಥ. ಕಾದಿ ಮಡಿದವನಿಗೆ ಕಲ್ಲು ನಿಂತಿತು. ಮೊರೆಯಿಟ್ಟವರು ಹೆಚ್ಚಿನೆಡೆ ಒಂದು ಪದವಾಗಿ ಮಾತ್ರ ಉಳಿದರು. ವೀರಗಲ್ಲನ್ನು ನಾವು ನೆಮ್ಮದಿಯಿಂದ ನೋಡಬಲ್ಲೆವಾದರೆ, ಅದಕ್ಕೆ ಈ ಮರೆವೂ ಒಂದು ಕಾರಣ. ಕ್ಲಿಮೋವ್ ತೋರಿಸುವುದು ಕಲ್ಲಿಲ್ಲದವರ ಸಾವನ್ನು. ಆ ಚಿತ್ರ ಹುಟ್ಟಿಸುವ ತಳಮಳದೊಂದಿಗೆ ನಮ್ಮ ವೀರಗಲ್ಲುಗಳ ಕೆಳಪಟ್ಟಿಕೆಯನ್ನು ಮತ್ತೊಮ್ಮೆ ಓದುವುದು ಜಾನಪದ ಅಧ್ಯಯನಕ್ಕೆ ಅಗತ್ಯವಾಗಿದೆ.