ವೀಕ್ಷಕರಿದ್ದಾರೆ, ವಿವರಣೆ ಎಲ್ಲಿ?

ಕ್ರಿಕೆಟ್ ಕಾಮೆಂಟರಿಗೆ ಕನ್ನಡದಲ್ಲಿ ‘ವೀಕ್ಷಕ ವಿವರಣೆ’ ಎಂಬ ಹೆಸರು ಕೊಟ್ಟವರು ಜಾಣರು. ಒಬ್ಬರು ಮೈದಾನದಲ್ಲಿ ಕೂತು ನೋಡುತ್ತಾರೆ. ನೋಡಲಾಗದೆ ದೂರದಲ್ಲಿ ಇರುವವರಿಗೆ ಅದನ್ನು ವಿವರಿಸುತ್ತಾರೆ. ಕೆಲಸದ ಪೂರ್ತಿ ಲಕ್ಷಣ ಎರಡೇ ಪದದಲ್ಲಿ ಬಂತು. ವಿಶ್ವಕಪ್ ಕ್ರಿಕೆಟ್ಟಿನ ಪ್ರಸಾರದ ಬಗ್ಗೆ ನನಗಿರುವ ತಕರಾರೂ ಈ ಎರಡು ಪದಗಳಿಗೆ ಸಂಬಂಧಿಸಿದ್ದೇ. ಟೆಲಿವಿಷನ್ ಬಂದ ಮೇಲೆ ವೀಕ್ಷಕರು ಕೋಟಿಗಟ್ಟಲೆ ಆದರು. ವಿವರಣೆ ಮೆಲ್ಲಗೆ ಜಾಗ ಖಾಲಿ ಮಾಡಿತು.

ನಾನು ಕ್ರಿಕೆಟ್ ಪಂಡಿತೆ ಅಲ್ಲ. ಹೈಸ್ಕೂಲಿನಲ್ಲಿ ಕನ್ನಡವನ್ನೂ ಸಮಾಜ ವಿಜ್ಞಾನವನ್ನೂ ಪಾಠ ಮಾಡುವವಳು. ಬ್ಯಾಟು ಹಿಡಿದದ್ದು ತಮ್ಮನ ಜೊತೆ ಅಂಗಳದಲ್ಲಿ, ಅದೂ ತೆಂಗಿನ ಮಟ್ಟೆಯ ಬ್ಯಾಟು. ಆದರೆ ಕಂಡದ್ದನ್ನು ಕಾಣದವರಿಗೆ ಕಾಣುವಂತೆ ಹೇಳುವುದು ಎಷ್ಟು ಕಷ್ಟ ಎಂಬುದು ಇಷ್ಟು ವರ್ಷ ಮಕ್ಕಳ ಪ್ರಬಂಧ ತಿದ್ದಿದವಳಿಗೆ ಗೊತ್ತು. ‘ಜಾತ್ರೆ ತುಂಬಾ ಚೆನ್ನಾಗಿತ್ತು, ತುಂಬಾ ಜನ ಬಂದಿದ್ದರು, ತುಂಬಾ ಖುಷಿಯಾಯಿತು’ ಎಂದು ಬರೆದ ಹುಡುಗನಿಗೆ ಹತ್ತಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಟೀವಿಯ ಮುಂದೆ ಕೂತಾಗಲೂ ಕೆಲವೊಮ್ಮೆ ಕೈ ಕೆಂಪು ಪೆನ್ನನ್ನು ಹುಡುಕುತ್ತದೆ.

ನಮ್ಮ ಮನೆಯಲ್ಲಿ ರೇಡಿಯೋ ಅಡುಗೆಮನೆಗೂ ನಡುಮನೆಗೂ ನಡುವಿನ ಕಿಟಕಿಯ ಮೇಲೆ ಇರುತ್ತಿತ್ತು. ಅದರ ಶಿಸ್ತನ್ನು ಸ್ವಲ್ಪ ನೆನಪು ಮಾಡಿಕೊಳ್ಳಬೇಕು. ಬೌಲರ್ ಯಾರು, ಯಾವ ತುದಿಯಿಂದ ಓಡಿ ಬರುತ್ತಿದ್ದಾನೆ, ಎದುರಿಗೆ ಯಾರು, ಚೆಂಡು ಎಲ್ಲಿ ಬಿತ್ತು, ದಾಂಡಿಗ ಮುಂದೆ ಬಂದನೋ ಹಿಂದೆ ಸರಿದನೋ, ಹೊಡೆತ ಯಾವ ಕಡೆ ಹೋಯಿತು, ಯಾರು ಹಿಡಿದು ಎಸೆದರು, ಎಷ್ಟು ಓಟ, ಒಟ್ಟು ಎಷ್ಟಾಯಿತು. ಇಷ್ಟೂ ಒಂದು ಚೆಂಡಿಗೆ. ಈಗಷ್ಟೇ ತೋಟದಿಂದ ಬಂದು ಕಾಲು ತೊಳೆದು ಕೂತವನಿಗೂ ತಿಳಿಯಲಿ ಎಂದು ಸ್ಕೋರನ್ನು ಮತ್ತೆ ಮತ್ತೆ ಹೇಳುತ್ತಿದ್ದರು. ಅನಂತ ಸೆಟಲ್ವಾಡ್, ಸುರೇಶ್ ಸರಯ್ಯಾ, ನರೋತ್ತಮ ಪುರಿ ಇಂಗ್ಲಿಷಿನಲ್ಲಿ. ಜಸದೇವ್ ಸಿಂಗ್, ಸುಶೀಲ್ ದೋಶಿ ಹಿಂದಿಯಲ್ಲಿ. ಅವರಿಗೂ ಹಿಂದಿನ ತಲೆಮಾರಿನ ಎ.ಎಫ್.ಎಸ್. ತಲ್ಯಾರ್‌ಖಾನ್ ಮೈಕನ್ನು ಇನ್ನೊಬ್ಬರ ಜೊತೆ ಹಂಚಿಕೊಳ್ಳಲು ಒಪ್ಪದೆ ದಿನವಿಡೀ ಒಬ್ಬರೇ ಮಾತಾಡುತ್ತಿದ್ದ ಮಹಾನುಭಾವರು. ಈಗಿನ ಪೆಟ್ಟಿಗೆಯಲ್ಲಿ ಮೂರು ಮೂರು ಜನ ಕೂತು ಒಬ್ಬರ ಮಾತಿನ ಮೇಲೆ ಇನ್ನೊಬ್ಬರು ಬೀಳುವಾಗ ಅವರ ಹಟಕ್ಕೂ ಅರ್ಥವಿತ್ತು ಅನ್ನಿಸುತ್ತದೆ.

ನಮ್ಮಮ್ಮನಿಗೆ ಇಂಗ್ಲಿಷೂ ಬಾರದು, ಹಿಂದಿಯೂ ಬಾರದು. ಅಣ್ಣ ಕೇಳಿದ್ದನ್ನು ಅಲ್ಲಿಂದಲ್ಲಿಗೇ ಕನ್ನಡದಲ್ಲಿ ಹೇಳುತ್ತಿದ್ದ. ಒಲೆಯ ಮುಂದಿದ್ದ ಅಮ್ಮ, “ಅವ ಎಡಗೈಯವನಾ? ಹಾಗಾದ್ರೆ ಎಲ್ಲರೂ ಜಾಗ ಬದಲು ಮಾಡ್ಬೇಕಲ್ಲ” ಎನ್ನುವಷ್ಟು ಪಳಗಿದ್ದಳು. ಮೈದಾನ ಹೇಗಿರುತ್ತದೆಂದು ಆಕೆ ಆವರೆಗೆ ನೋಡಿಯೇ ಇರಲಿಲ್ಲ. ಟೀವಿ ಬಂತು, ನಡುಮನೆಯ ಮೇಜಿನ ಮೇಲೆ ಕೂತಿತು, ಅಲ್ಲಿಂದ ಅಲ್ಲಾಡಲಿಲ್ಲ. ನೋಡಬೇಕಾದರೆ ಅದರ ಎದುರಿಗೆ ಹೋಗಿ ಕೂರಬೇಕು. ಸಂಜೆ ಹೊತ್ತು ಹಾಗೆ ಕೂರುವ ಬಿಡುವು ಮನೆಯಲ್ಲಿ ಯಾರಿಗಿತ್ತು ಎಂದು ಬಿಡಿಸಿ ಹೇಳಬೇಕಾಗಿಲ್ಲ. ಅಮ್ಮನ ಕ್ರಿಕೆಟ್ ಅಲ್ಲಿಗೆ ನಿಂತಿತು.

ರೇಡಿಯೋದವರನ್ನು ದೇವರು ಮಾಡುವ ಆಸೆ ನನಗಿಲ್ಲ. ಗರಗರ ಸದ್ದಿನಲ್ಲಿ ಅರ್ಧ ಮಾತು ಕಳೆದುಹೋಗುತ್ತಿತ್ತು. ಆಟ ಕಾವೇರಿದಾಗಲೇ ಇಂಗ್ಲಿಷಿನವರ ಸರದಿ ಮುಗಿದು ಹಿಂದಿಯವರದು ಶುರುವಾಗುತ್ತಿತ್ತು. ಸುಮ್ಮನೆ ಹೋದ ಚೆಂಡನ್ನೂ ಕೂದಲೆಳೆಯಲ್ಲಿ ತಪ್ಪಿತೆಂದು ಕೂಗಿ ಎದೆ ನಡುಗಿಸುತ್ತಿದ್ದರು. ಆದರೂ ಕೇಳುವವರಿಗೆ ಕಾಣುವುದಿಲ್ಲ ಎಂಬುದನ್ನು ಅವರು ಮರೆಯುತ್ತಿರಲಿಲ್ಲ. ಮರೆತರೆ ಅವರ ಕೆಲಸವೇ ಇಲ್ಲ.

ಹೇಳಿಕೆಗೆ ಎಷ್ಟು ಬಲ ಇದೆ ಎಂಬುದಕ್ಕೆ ವಿಶ್ವಕಪ್ ಚರಿತ್ರೆಯಲ್ಲೇ ಒಂದು ದಿನ ಇದೆ. 1983ರ ಜೂನ್ 18, ಶನಿವಾರ. ಇಂಗ್ಲೆಂಡಿನ ಟನ್‌ಬ್ರಿಜ್ ವೆಲ್ಸ್ ಎಂಬ ಸಣ್ಣ ಊರಿನ ನೆವಿಲ್ ಮೈದಾನ. ಎದುರಾಳಿ ಜಿಂಬಾಬ್ವೆ. ಗಾವಸ್ಕರ್ ಸೊನ್ನೆ, ಶ್ರೀಕಾಂತ್ ಸೊನ್ನೆ. 17 ಓಟ ಆಗುವಷ್ಟರಲ್ಲಿ ಐದು ಹುದ್ದರಿ ಹೋಗಿತ್ತು. (ಆಗ ವಿಕೆಟ್ಟಿಗೆ ಪತ್ರಿಕೆಗಳು ಹುದ್ದರಿ ಎಂದು ಬರೆಯುತ್ತಿದ್ದವು. ಆ ಪದ ಹೋದದ್ದು ನನಗೆ ಬೇಸರವೇ.) ಅಲ್ಲಿಂದ ಕಪಿಲ್ ದೇವ್ ಔಟಾಗದೆ 175 ಹೊಡೆದರು, 138 ಚೆಂಡುಗಳಲ್ಲಿ, 16 ಬೌಂಡರಿ, 6 ಸಿಕ್ಸರ್. ನಮ್ಮ ರೋಜರ್ ಬಿನ್ನಿ 22 ಹೊಡೆದು ಮೊದಲ ಆಸರೆಯಾದರು. ನಮ್ಮ ಸೈಯದ್ ಕಿರ್ಮಾನಿ ಕೊನೆಯವರೆಗೂ ನಿಂತು 24 ಹೊಡೆದರು. ಮುರಿಯದ ಒಂಬತ್ತನೆಯ ಜೊತೆಯಾಟದಲ್ಲಿ 126 ಓಟ ಬಂತು. ಒಟ್ಟು 8ಕ್ಕೆ 266. ಜಿಂಬಾಬ್ವೆ 235ಕ್ಕೆ ಮುಗಿಯಿತು. ಒಂದು ವಾರಕ್ಕೆ ಸರಿಯಾಗಿ, ಜೂನ್ 25ರಂದು, ಲಾರ್ಡ್ಸ್‌ನಲ್ಲಿ ಕಪ್ಪು ನಮ್ಮದಾಯಿತು.

ಆ ಇನಿಂಗ್ಸಿನ ಟೀವಿ ಚಿತ್ರ ಇಲ್ಲವೇ ಇಲ್ಲ. ಬಿಬಿಸಿಯವರು ಅಂದು ಮುಷ್ಕರ ಹೂಡಿದ್ದರು ಎಂಬ ಮಾತು ಮನೆಮಾತಾಗಿದೆ. ಅದೇ ದಿನ ಲಾರ್ಡ್ಸ್‌ನಲ್ಲಿ ಆಸ್ಟ್ರೇಲಿಯ–ವೆಸ್ಟ್ ಇಂಡೀಸ್, ಓಲ್ಡ್ ಟ್ರಾಫರ್ಡ್‌ನಲ್ಲಿ ಇಂಗ್ಲೆಂಡ್–ಪಾಕಿಸ್ತಾನ ಆಟವಿತ್ತು, ಕ್ಯಾಮೆರಾಗಳು ದೊಡ್ಡವರ ಕಡೆ ಹೋದವು ಎನ್ನುವವರೂ ಇದ್ದಾರೆ. ಕಾರಣ ಯಾವುದಿದ್ದರೂ ಕ್ಯಾಮೆರಾ ಬರಲಿಲ್ಲ. ನಾನು ಆಗ ಏಳನೇ ಕ್ಲಾಸು ಮುಗಿಸಿದ ಹುಡುಗಿ. ಮರುದಿನ ಮಧ್ಯಾಹ್ನದ ಬಸ್ಸಿಗೆ ಬಂದ ಪತ್ರಿಕೆಯನ್ನು ಅಣ್ಣ ಜೋರಾಗಿ ಓದಿದ. ಅಂದಿನಿಂದ ಇಂದಿನವರೆಗೆ ಆ ಆಟ ಮಾತಿನಲ್ಲೇ ಬದುಕಿದೆ. ಕಿರ್ಮಾನಿಯವರು ಎಷ್ಟೋ ಸಂದರ್ಶನಗಳಲ್ಲಿ ಅದನ್ನು ಬಣ್ಣಿಸಿದ್ದಾರೆ. ಮೊದಲ ಹುದ್ದರಿಗಳು ಉರುಳುವ ಹೊತ್ತಿನಲ್ಲಿ ತಾವು ಸ್ನಾನಕ್ಕೆ ಹೋಗಿದ್ದುದನ್ನು ಕಪಿಲ್ ಹೇಳಿ ನಗಿಸಿದ್ದಾರೆ. 2021ರಲ್ಲಿ ‘83’ ಸಿನಿಮಾದವರು ಅದನ್ನು ಮತ್ತೆ ಆಡಿ ತೋರಿಸಿದರು. ನೋಡಿದೆ, ಕೆಟ್ಟದಾಗಿರಲಿಲ್ಲ. ಆದರೂ ಅಣ್ಣ ಓದಿದ ಆಟದಲ್ಲಿ ಕಪಿಲ್ ಇನ್ನೂ ದೂರಕ್ಕೆ ಹೊಡೆದಿದ್ದರು.

ಟೀವಿಯ ಕಡೆಗೂ ನ್ಯಾಯವಾಗಿ ಮಾತಾಡಬೇಕಲ್ಲ. ಅದಕ್ಕೆ 1996ರ ಮಾರ್ಚ್ 9ರ ರಾತ್ರಿಯೇ ಸಾಕು. ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣ, ಹೊನಲು ಬೆಳಕು, ಪಾಕಿಸ್ತಾನದ ಮೇಲೆ ಕ್ವಾರ್ಟರ್ ಫೈನಲ್. ಅಜಯ್ ಜಡೇಜ 25 ಚೆಂಡಿಗೆ 45 ಹೊಡೆದರು. ವಕಾರ್ ಯೂನಿಸರ ಕೊನೆಯ ಎರಡು ಓವರಿನಲ್ಲಿ 40 ಓಟ ಹೋಯಿತು. ಆಮೇಲೆ ಅಮೀರ್ ಸೊಹೈಲ್ ನಮ್ಮ ವೆಂಕಟೇಶ್ ಪ್ರಸಾದರಿಗೆ ಬೌಂಡರಿ ಬಾರಿಸಿ, ಮುಂದಿನದೂ ಅಲ್ಲಿಗೇ ಎಂಬಂತೆ ಬ್ಯಾಟು ಚಾಚಿ ಬೌಂಡರಿಯ ಕಡೆ ತೋರಿಸಿದ್ದು, ಮರು ಚೆಂಡಿಗೇ ಗೂಟ ಹಾರಿದ್ದು. ಆ ಕೈ ಸನ್ನೆಯನ್ನು ಯಾವ ರೇಡಿಯೋ ಜಾಣನೂ ಅಷ್ಟು ಬೇಗ ನಮಗೆ ಮುಟ್ಟಿಸುತ್ತಿರಲಿಲ್ಲ. ಅಲ್ಲಿ ವಿವರಣೆಯೇ ಬೇಡ. ನಾಲ್ಕು ದಿನ ಬಿಟ್ಟು ಈಡನ್ ಗಾರ್ಡನ್ಸ್‌ನಲ್ಲಿ 1ಕ್ಕೆ 98 ಇದ್ದದ್ದು 8ಕ್ಕೆ 120 ಆಗಿ, ಜನ ಬಾಟಲಿ ಎಸೆದು ಬೆಂಕಿ ಹಚ್ಚಿ, ಕ್ಲೈವ್ ಲಾಯ್ಡ್ ಪಂದ್ಯವನ್ನು ಶ್ರೀಲಂಕಾಕ್ಕೆ ಕೊಟ್ಟಾಗ ವಿನೋದ್ ಕಾಂಬ್ಳಿ ಅಳುತ್ತಾ ನಡೆದು ಬಂದರು. ಕ್ಯಾಮೆರಾ ಆ ಮುಖವನ್ನು ಹಿಡಿಯಿತು. ನಮ್ಮ ಬೀದಿ ಅಂದು ರಾತ್ರಿ ಸದ್ದಿಲ್ಲದೆ ಮಲಗಿತು.

ಆದರೆ ಆ ವಿಶ್ವಕಪ್ಪಿನಲ್ಲೇ ಇನ್ನೊಂದು ಕೆಲಸವೂ ನಡೆಯಿತು. ಪ್ರಸಾರದ ಹಕ್ಕನ್ನು ಒಂದು ಕೋಟಿ ಡಾಲರಿಗೆ ಕೊಂಡ ವರ್ಲ್ಡ್‌ಟೆಲ್ ಕಂಪೆನಿಯ ಒಡೆಯರು ಬೆಂಗಳೂರಿನ ಮೂಲದವರೇ ಆದ ಮಾರ್ಕ್ ಮಸ್ಕರೇನ್ಹಸ್. ಅದರ ಹಿಂದಿನ ವರ್ಷ, 1995ರ ಫೆಬ್ರುವರಿಯಲ್ಲಿ, ಸುಪ್ರೀಂ ಕೋರ್ಟು ಬಂಗಾಳ ಕ್ರಿಕೆಟ್ ಸಂಸ್ಥೆಯ ಮೊಕದ್ದಮೆಯಲ್ಲಿ ದೊಡ್ಡ ತೀರ್ಪು ಕೊಟ್ಟಿತ್ತು: ಪ್ರಸಾರದ ತರಂಗಗಳು ಸಾರ್ವಜನಿಕರ ಸ್ವತ್ತು, ಅದರ ಮೇಲೆ ಸರ್ಕಾರದ ಏಕಸ್ವಾಮ್ಯ ಸಲ್ಲದು. ಸರ್ಕಾರದ ಕೈಯಿಂದ ಬಿಡಿಸಿದ್ದು ಸರಿಯೇ. ಸಾರ್ವಜನಿಕರ ಕೈಗೆ ಎಷ್ಟು ಬಂತು ಎಂದು ಪಾಠ ಮಾಡುವಾಗ ಮಕ್ಕಳು ಕೇಳಿದರೆ ಉತ್ತರಿಸುವುದು ಕಷ್ಟ. 1996ರಲ್ಲಿ ಕೋಕಾಕೋಲ ಅಧಿಕೃತ ಪಾನೀಯವಾದರೆ, ಅಧಿಕೃತವೇನೂ ಇಲ್ಲ ಎಂದು ಹಂಗಿಸುವ ಜಾಹೀರಾತನ್ನು ಪೆಪ್ಸಿ ಬಿಟ್ಟಿತು. ಎರಡು ಬಾಟಲಿಗಳ ಜಗಳದ ನಡುವೆ ಆರು ಚೆಂಡು ಆಟ ನಡೆಯುತ್ತಿತ್ತು. ಓವರಿನ ಕೊನೆಯ ಚೆಂಡು ಕೀಪರನ ಕೈ ಸೇರುವ ಮೊದಲೇ ಸೋಪು ಬರುವುದು, ಸಿಮೆಂಟು ಮುಗಿಯುವಷ್ಟರಲ್ಲಿ ಮುಂದಿನ ಓವರಿನ ಮೊದಲ ಚೆಂಡು ಅರ್ಧ ದಾರಿಯಲ್ಲಿರುವುದು, ಇದು ಎಲ್ಲರ ಅನುಭವ. ಫೀಲ್ಡಿಂಗ್ ಬದಲಾಗುವುದು, ನಾಯಕ ಬೌಲರನ ಹೆಗಲ ಮೇಲೆ ಕೈಯಿಟ್ಟು ಏನೋ ಹೇಳುವುದು ಆ ಹೊತ್ತಿನಲ್ಲೇ. ಆಟದ ಯೋಚನೆ ನಡೆಯುವ ಜಾಗವನ್ನೇ ನಾವು ಮಾರಿದೆವು.

ನನ್ನ ಮಾವನವರು ಸಾಗರದ ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದವರು, ಕ್ರಿಕೆಟ್ಟಿನ ಹುಚ್ಚರು. ಗ್ಲಾಕೋಮಾ ಬಂದು ಕೆಲವು ವರ್ಷಗಳಿಂದ ಎರಡು ಕಣ್ಣೂ ಕಾಣುವುದಿಲ್ಲ. ಆಕಾಶವಾಣಿಯ ವಿವರಣೆ ಇಂಗ್ಲಿಷ್–ಹಿಂದಿಯದು. ಅವರಿಗೆ ಬೇಕಾದದ್ದು ಕನ್ನಡ. 2023ರ ವಿಶ್ವಕಪ್ಪಿಗೆ ಟೀವಿಯಲ್ಲಿ ಕನ್ನಡದ ವೀಕ್ಷಕ ವಿವರಣೆ ಇದೆ ಎಂದಾಗ ಅವರಿಗಾದ ಸಂತೋಷ ಅಷ್ಟಿಷ್ಟಲ್ಲ. ನನಗೂ ಹಾಗೆಯೇ. ಇಂಗ್ಲಿಷು ಬಾರದ ಒಂದೇ ಕಾರಣಕ್ಕೆ ಆಟದ ಹೊಸ್ತಿಲಲ್ಲೇ ನಿಂತಿದ್ದ ಎಷ್ಟೋ ಮಂದಿಗೆ ಬಾಗಿಲು ತೆರೆದದ್ದು ಸಣ್ಣ ಸಂಗತಿಯಲ್ಲ.

ನವೆಂಬರ್ 12, ದೀಪಾವಳಿಯ ದಿನ, ಚಿನ್ನಸ್ವಾಮಿಯಲ್ಲಿ ನೆದರ್‌ಲೆಂಡ್ಸ್ ಮೇಲೆ ಆಟ. ಮಾವ ಎಣ್ಣೆಸ್ನಾನ ಮುಗಿಸಿ, ಊಟ ಮಾಡಿ, ಮಧ್ಯಾಹ್ನವೇ ಕುರ್ಚಿ ಹಾಕಿಸಿಕೊಂಡರು. ನಮ್ಮ ಕೆ.ಎಲ್. ರಾಹುಲ್ 62 ಚೆಂಡಿಗೆ ನೂರು ದಾಟಿದರು, ಶ್ರೇಯಸ್ ಅಯ್ಯರ್ ಔಟಾಗದೆ 128, ಒಟ್ಟು 4ಕ್ಕೆ 410. ಪೆಟ್ಟಿಗೆಯೊಳಗೆ ಉತ್ಸಾಹಕ್ಕೆ ಕೊರತೆಯಿರಲಿಲ್ಲ. “ಏನ್ ಹೊಡೆತ ಸ್ವಾಮೀ! ನೋಡಿ ಹೇಗಿದೆ ನೋಡಿ!” ಮಾವ ನನ್ನ ಕಡೆ ತಿರುಗಿ, “ಯಾವ ಕಡೆ ಹೊಡೆದ್ನಮ್ಮಾ?” ಎಂದು ಕೇಳುವರು. ನಾನು ಹೇಳುವಷ್ಟರಲ್ಲಿ ಇನ್ನೊಂದು ಹೊಡೆತ. ನಡುವೆ ಹಳೆಯ ರಣಜಿ ದಿನಗಳ ತಮಾಷೆ, ಮಸಾಲೆ ದೋಸೆ, ಸಿನಿಮಾ ಡೈಲಾಗು. ಸಂಜೆ ವಿರಾಟ್ ಕೊಹ್ಲಿ ಬೌಲ್ ಮಾಡಿ ಎದುರಾಳಿ ನಾಯಕ ಎಡ್ವರ್ಡ್ಸ್‌ನನ್ನು ಕೀಪರ್ ರಾಹುಲ್ ಕೈಗೆ ಕ್ಯಾಚ್ ಕೊಡಿಸಿದಾಗ ಊರಿಗೆ ಊರೇ ನಕ್ಕಿತು. ನಮ್ಮ ಟೀವಿಯಲ್ಲೂ ನಗು ಮೊದಲು ಬಂತು. ಮಾವನೂ ನಗುವಿಗೆ ನಗು ಸೇರಿಸಿ, ಆಮೇಲೆ ಮೆಲ್ಲಗೆ, “ಏನಾಯ್ತು?” ಎಂದರು. ಔಟಾದವನ ಹೆಸರು ಬರುವ ಹೊತ್ತಿಗೆ ಅವರು ಎರಡು ಸಲ ಕೇಳಿಯಾಗಿತ್ತು.

ವಿವರಣೆ ಮಾಡುವವರಲ್ಲಿ ಹೆಚ್ಚಿನವರು ಹಳೆಯ ಆಟಗಾರರು. ಚೆಂಡು ಯಾಕೆ ತಿರುಗಿತು ಎಂದು ಹೇಳಬಲ್ಲವರು. ಅವರ ತಿಳಿವಳಿಕೆಯ ಮೇಲೆ ನನಗೆ ಗೌರವವಿದೆ. ಎಲ್ಲರಿಗೂ ಚಿತ್ರ ಕಾಣುತ್ತಿದೆ, ಇನ್ನು ನಾವು ಸಂಗತಿ ಹೇಳುವುದೇಕೆ ಎಂಬ ನಂಬಿಕೆಯ ಮೇಲೆ ಮಾತ್ರ ನನ್ನ ಸಿಟ್ಟು. ಕಣ್ಣಿಲ್ಲದವರು ಇದ್ದಾರೆ, ಒಲೆಯ ಮುಂದೆ ನಿಂತವರು ಇದ್ದಾರೆ, ಅಂಗಡಿಯಲ್ಲಿ ತಕ್ಕಡಿ ಹಿಡಿದು ಟೀವಿಗೆ ಬೆನ್ನು ಹಾಕಿದವರು ಇದ್ದಾರೆ. “ಆಫ್ ಸೈಡಿಗೆ, ಕವರ್ ದಾಟಿ, ನಾಲ್ಕು, ಈಗ 2ಕ್ಕೆ 140” ಎನ್ನಲು ಎಷ್ಟು ಹೊತ್ತು ಬೇಕು? ದೋಸೆಯ ಮಾತಿಗಿಂತ ಕಡಿಮೆಯೇ.

ಕಾನೂನು ಇದೆ. ದೇಶಕ್ಕೆ ಮುಖ್ಯವಾದ ಪಂದ್ಯಗಳ ನೇರ ಪ್ರಸಾರವನ್ನು ಹಕ್ಕು ಪಡೆದ ಖಾಸಗಿಯವರು ಪ್ರಸಾರ ಭಾರತಿಯೊಡನೆ ಹಂಚಿಕೊಳ್ಳಲೇಬೇಕು ಎಂಬ ಕಾಯ್ದೆ 2007ರಲ್ಲಿ ಬಂತು. ಜಾಹೀರಾತಿನ ಹಣ ಟೀವಿಯದಾದರೆ ಹಕ್ಕುದಾರರಿಗೆ ಕನಿಷ್ಠ 75 ಪಾಲು, ಪ್ರಸಾರ ಭಾರತಿಗೆ 25, ರೇಡಿಯೋದಾದರೆ ಅರ್ಧರ್ಧ. ಕೇಬಲ್ಲಿನ ದುಡ್ಡು ಕೊಡಲಾಗದ ಮನೆಗೂ ಆಟ ಮುಟ್ಟಲಿ ಎಂಬ ಒಳ್ಳೆಯ ಉದ್ದೇಶ. ಆದರೆ ಕಾಯ್ದೆ ಲೆಕ್ಕ ಹಾಕಿದ್ದು ಚಿತ್ರವನ್ನೂ ಹಣವನ್ನೂ. ಅದೇ 2023ರ ಫೈನಲ್ಲನ್ನು ಮೊಬೈಲಿನಲ್ಲಿ ಒಂದೇ ಹೊತ್ತಿಗೆ 5.9 ಕೋಟಿ ಜನ ನೋಡಿದರೆಂದು ಪ್ರಸಾರದವರು ಹೆಮ್ಮೆಪಟ್ಟರು. ಕೇಳಿದವರನ್ನು ಯಾರೂ ಎಣಿಸಲಿಲ್ಲ.

2024ರ ಜೂನಿನ ಟಿ-20 ವಿಶ್ವಕಪ್ಪಿಗೆ ನಮ್ಮ ದೇಶದ ಹಕ್ಕುದಾರರು ಕಿವುಡರಿಗಾಗಿ ಸಂಜ್ಞಾಭಾಷೆಯ ಪ್ರಸಾರವನ್ನೂ ಕಾಣದವರಿಗಾಗಿ ವಿಶೇಷ ವಿವರಣೆಯನ್ನೂ ಏರ್ಪಡಿಸಿದರು. ಸಂಜ್ಞಾಭಾಷೆ ನಿಜಕ್ಕೂ ಹೊಸ ಹೆಜ್ಜೆ, ಕೈಮುಗಿಯುತ್ತೇನೆ. ಎರಡನೆಯದನ್ನು ಓದಿ ಮಾತ್ರ ನಗು ಬಂತು. ಚೆಂಡು ಎಲ್ಲಿ ಬಿತ್ತು, ಎಲ್ಲಿ ಹೋಯಿತು ಎಂದು ಹೇಳುವುದು ಐವತ್ತು ವರ್ಷ ಎಲ್ಲರಿಗೂ ಸಿಗುತ್ತಿದ್ದ ದಿನಸಿ. ಈಗ ಅದು ಅಂಗವಿಕಲರ ಸೌಲಭ್ಯವಾಗಿ ಬೇರೆ ಬಾಗಿಲಿನಿಂದ ಬರುತ್ತಿದೆ. ಬರಲಿ, ಬೇಡ ಎನ್ನುವುದಿಲ್ಲ. ಮುಂಬಾಗಿಲನ್ನು ಯಾಕೆ ಮುಚ್ಚಿದಿರಿ ಎಂದು ಕೇಳುತ್ತೇನೆ, ಅಷ್ಟೆ.

ಈ ವರ್ಷ ಎಂಟನೇ ಕ್ಲಾಸಿಗೆ ‘ವಿವರಣೆ’ ಎಂಬ ಅಭ್ಯಾಸ ಕೊಟ್ಟಾಗ ಮಕ್ಕಳನ್ನು ಮೈದಾನಕ್ಕೇ ಕರೆದುಕೊಂಡು ಹೋದೆ. ಖೊಖೊ ಆಟ ನಡೆಯುತ್ತಿತ್ತು. ಅರ್ಧ ಜನ ಆಟಕ್ಕೆ ಬೆನ್ನು ಹಾಕಿ ಕೂರಬೇಕು, ಒಬ್ಬೊಬ್ಬರಾಗಿ ಎದ್ದು ನಿಂತು ಅವರಿಗೆ ಆಟ ಹೇಳಬೇಕು. ಮೊದಲು ಬಂದ ಮೂವರು ಹುಡುಗರು ಟೀವಿಯಲ್ಲಿ ಕಲಿತದ್ದನ್ನೇ ಒಪ್ಪಿಸಿದರು: “ವಾಹ್! ಏನ್ ಓಟ! ಅದ್ಭುತ!” ಬೆನ್ನು ಹಾಕಿ ಕೂತವರು, “ಯಾರೋ ಓಡಿದ್ದು?” ಎಂದು ಗಲಾಟೆ ಎಬ್ಬಿಸಿದರು. ನಾಲ್ಕನೆಯವಳು ಸಣ್ಣ ದನಿಯ ಹುಡುಗಿ. “ಶಾಲೆ ಕಡೆಯ ಕಂಬದ ಹತ್ತಿರ ಇಬ್ಬರಿದ್ದಾರೆ. ಅಟ್ಟಿಸಿಕೊಂಡು ಬಂದವನು ಮೂರನೆಯವನಿಗೆ ಖೋ ಕೊಟ್ಟ. ಅವನು ಬಾವಿ ಕಡೆ ಮುಖ ಮಾಡಿದ್ದ, ಎದ್ದು ಬಲಕ್ಕೆ ಹೋದ. ಮುಟ್ಟಿದ. ಒಬ್ಬ ಔಟು, ಇನ್ನು ಒಬ್ಬನೇ” ಎಂದಳು. ಯಾರೂ ಮಾತಾಡಲಿಲ್ಲ. ಬೆನ್ನು ಹಾಕಿ ಕೂತಿದ್ದ ಒಬ್ಬ ಹುಡುಗ ಔಟಾದವರ ಲೆಕ್ಕವನ್ನು ಕಡ್ಡಿಯಿಂದ ಮಣ್ಣಿನ ಮೇಲೆ ಗೀಚಿಕೊಳ್ಳುತ್ತಿದ್ದ. ತಾಲ್ಲೂಕು ಮಟ್ಟದ ಆಟೋಟ ಈ ಸಲ ನಮ್ಮ ಶಾಲೆಯಲ್ಲೇ ಇದೆ. ಮೈಕನ್ನು ಅವಳ ಕೈಗೆ ಕೊಡಿ ಎಂದು ದೈಹಿಕ ಶಿಕ್ಷಕರಿಗೆ ಹೇಳಿಟ್ಟಿದ್ದೇನೆ.